ನಾಯಿಯ ಜೋಳವಾಳಿ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಚಿತ್ತಾಪುರವನ್ನು ದಾಟಿ ಸೇಡಮನ್ನು ಮುಟ್ಟುವುದಕ್ಕೆ ಮುಂಚೆ ಮಳಖೇಡ ರೋಡ್ ಎಂಬ ಸಣ್ಣದೊಂದು ನಿಲ್ದಾಣವನ್ನು ಹಾದುಹೋಗುತ್ತದೆ. ಪಯಣಿಗರಲ್ಲಿ ಬಹುಮಂದಿ ಅಲ್ಲಿ ಕಿಟಕಿಯಿಂದ ತಲೆಯೆತ್ತಿ ನೋಡುವುದೂ ಇಲ್ಲ. ಆದರೆ ಆ ನಿಲ್ದಾಣಕ್ಕೆ ಹೆಸರನ್ನು ಕೊಟ್ಟ ಊರು, ಕಾಗಿಣಾ ನದಿಯ ದಡದಲ್ಲಿ ಹಳೆಯ ಕೋಟೆಯ ಗೋಡೆಗಳೊಡನೆ ನಿಂತಿರುವ ಮಳಖೇಡವು, ಒಂದು ಕಾಲದಲ್ಲಿ ಮಾನ್ಯಖೇಟವೆನಿಸಿ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿದ್ದಿತು. ನೃಪತುಂಗನ ಹೆಸರನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಚಕ್ರವರ್ತಿಗಳ ವಿಚಾರವನ್ನಲ್ಲ. ಅವರ ಸಾಮ್ರಾಜ್ಯದ ದಕ್ಷಿಣದ ಸೀಮೆಯಲ್ಲಿ ಬದುಕಿ ಸತ್ತ ಒಂದು ನಾಯಿಯ ವಿಚಾರವನ್ನು. ಶ್ರೋತೃಗಳು ನಗಬಾರದು. ಆ ನಾಯಿಯ ಮರಣವೂ ತಕ್ಕೋಲದ ಮಹಾಯುದ್ಧವೂ ಒಂದೇ ಕಲ್ಲಿನ ಮೇಲೆ ಕೊರೆಯಲ್ಪಟ್ಟಿವೆ. ಚೋಳರಿಗೂ ರಾಷ್ಟ್ರಕೂಟರಿಗೂ ನಡೆದ ಆ ಯುದ್ಧದ ಚರಿತ್ರೆಯನ್ನು ಬರೆಯುವವರು, ಎಷ್ಟೇ ದೊಡ್ಡ ವಿದ್ವಾಂಸರಾಗಲಿ, ನಾಯಿಯ ಕಲ್ಲನ್ನು ಓದದೆ ಮುಂದಕ್ಕೆ ಹೋಗುವಂತಿಲ್ಲ.

ಆ ಕಲ್ಲು ದೊರೆತದ್ದು ಮಳಖೇಡದಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ತೆಂಕಣಕ್ಕಿರುವ, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಈಗ ಅದು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿದೆ. ಲೂಯಿಸ್ ರೈಸ್ ಅವರೂ ಫ್ಲೀಟ್ ಅವರೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಓದಿ ಪ್ರಕಟಿಸಿದರು. ಕಾಲವು ಶಕವರ್ಷ ೮೭೨, ಸೌಮ್ಯ ಸಂವತ್ಸರ. ಎಂದರೆ ಕ್ರಿಸ್ತಶಕ ೯೪೯-೫೦. ಮಾನ್ಯಖೇಟದ ಸಿಂಹಾಸನದಲ್ಲಿ ಆಗ ಮುಮ್ಮಡಿ ಕೃಷ್ಣನಿದ್ದನು. ಗಂಗವಾಡಿಯನ್ನು ಆಳುತ್ತಿದ್ದ ಇಮ್ಮಡಿ ಬೂತುಗನು ಅವನ ಸಾಮಂತ, ಅಷ್ಟೇ ಅಲ್ಲ, ಅಕ್ಕನ ಗಂಡ. ಈಗಿನ ತಮಿಳುನಾಡಿನ ಅರಕ್ಕೋಣದ ಬಳಿಯಿರುವ ತಕ್ಕೋಲದಲ್ಲಿ ೯೪೯ರಲ್ಲಿ ಚೋಳರೊಡನೆ ಕಾಳಗವಾಯಿತು. ಪರಾಂತಕ ಚೋಳನ ಮಗನಾದ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಅವನನ್ನು ಕೊಂದವನು ಬೂತುಗನೆಂದು ಕಲ್ಲು ಹೇಳುತ್ತದೆ. ಚಕ್ರವರ್ತಿಯು ಮೆಚ್ಚಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟು ನಾಡುಗಳನ್ನು ಕೊಟ್ಟನು. ವಿಜಯದ ಲೆಕ್ಕ ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ.

ಬೂತುಗನಿಗೆ ಮಣಲೇರನೆಂಬ ಒಬ್ಬ ಸೇವಕನಿದ್ದನು. ಯುದ್ಧದಲ್ಲಿ ಅವನು ತೋರಿದ ಶೌರ್ಯಕ್ಕೆ ಬೂತುಗನು ಮೆಚ್ಚಿ, ಏನು ಬೇಕಾದರೂ ಬೇಡಿಕೊಳ್ಳೆಂದನು. ಇಂಥ ಸಂದರ್ಭದಲ್ಲಿ ಮನುಷ್ಯನು ಏನನ್ನು ಬೇಡುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಣಲೇರನಾದರೋ ಒಂದು ನಾಯಿಯನ್ನು ಬೇಡಿದನು. ಅದು ಬೂತುಗನ ಬೇಟೆನಾಯಿ, ಹೆಸರು ಕಾಳಿ. ಮೈಬಣ್ಣ ಕಪ್ಪಿದ್ದುದರಿಂದ ಆ ಹೆಸರು ಬಂದಿತೆಂದು ಊಹಿಸಬಹುದು. ಹೆಸರಲ್ಲದೆ ಅದಕ್ಕೆ ಬೇರೆ ಆಧಾರವಿಲ್ಲ. ಆತಕೂರು ಹನ್ನೆರಡೆಂಬ ಭೂಮಿಯೂ ಮಣಲೇರನಿಗೆ ಬಾಳ್ಗಚ್ಚಾಗಿ, ಎಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ಉಂಬಳಿಯಾಗಿ, ದೊರೆಯಿತು. ಅದು ಬೂತುಗನು ಕೊಟ್ಟದ್ದು. ಬಾಯಿಬಿಟ್ಟು ಬೇಡಿದ್ದು ನಾಯಿಯನ್ನು. ಕೊಟ್ಟದ್ದಕ್ಕೂ ಬೇಡಿದ್ದಕ್ಕೂ ಇರುವ ಈ ಅಂತರವನ್ನು ಶಾಸನವನ್ನು ಬರೆಸಿದವರು ಮರೆಮಾಡಲಿಲ್ಲವೆಂಬುದೇ ನನಗೆ ಈ ಕಲ್ಲಿನಲ್ಲಿ ಬಹು ಹಿಡಿಸಿದ ಸಂಗತಿ.

ಮುಂದಿನ ಕಥೆ ಚಿಕ್ಕದು. ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಇರಿದು ಕಚ್ಚಿ ಎರಡೂ ಸತ್ತವು. ಕಲ್ಲಿನ ಮೇಲುಭಾಗದಲ್ಲಿ ಆ ಕಾದಾಟವನ್ನು ಕೆತ್ತಿರುವರು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟನು. ಪೂಜೆಯ ಹೊಣೆಯನ್ನು ಗೊರವನಿಗೆ ಒಪ್ಪಿಸಲಾಯಿತು. ಅಲ್ಲಿಗೂ ಮುಗಿಯಲಿಲ್ಲ. ಆ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗುಲುವುದೆಂದು ಒಂದು ಕಟ್ಟನ್ನು ಹಾಕಿರುವರು. ನಾಯಿಗೂ ಪಾಪವುಂಟು, ಅದರ ಪಾಪವನ್ನು ಮನುಷ್ಯನು ಹೊರಬೇಕಾಗಬಹುದು, ಹೊರಬಾರದೆಂದಿದ್ದರೆ ನಾಯಿಯನ್ನು ನೆನೆದು ಅನಂತರ ಅನ್ನಕ್ಕೆ ಕೈಹಾಕಬೇಕು.

ನಾಯಿಗೆ ಕಲ್ಲು ನಿಲ್ಲಿಸಿದವರು ನಮ್ಮವರು ಮಾತ್ರವೆಂದು ಬೀಗಬೇಕಾದುದಿಲ್ಲ. ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದಿದೆ. ಅದರಲ್ಲಿ ತುರುಗೋಳಿನಲ್ಲಿ ಬಿದ್ದ ವೀರನೊಡನೆ, ಇಬ್ಬರು ಕಳ್ಳರನ್ನು ಕಚ್ಚಿ ನಿಂತ ಕೋವಿವನ್ ಎಂಬ ಅವನ ನಾಯಿಯೂ ಇದೆ. ಕಾಳಿಯ ಕಲ್ಲಿಗೆ ಮುನ್ನೂರು ವರ್ಷಗಳಷ್ಟು ಹಿಂದಿನದು ಅದು. ಆದರೆ ಅಲ್ಲಿ ನಾಯಿಯು ವೀರನ ಪಕ್ಕದಲ್ಲಿದೆ. ಆತಕೂರಿನಲ್ಲಿ ಕಲ್ಲು ನಾಯಿಯದೇ.

ಇದಕ್ಕೆ ಅರ್ಥವೇನು? ಬೇಟೆಯ ಮರುಳು ಹಿಡಿದ ಒಬ್ಬ ಸಾಮಂತನ ಚಾಪಲ್ಯವೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಆ ಕಾಲದ ಕನ್ನಡದಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ಮಾತುಗಳುಂಟು. ಜೋಳವಾಳಿ ಎಂದರೆ ಒಡೆಯನ ಜೋಳವನ್ನು ಉಂಡುದಕ್ಕೆ ಸಲ್ಲಿಸಬೇಕಾದ ಋಣ. ವೇಳೆವಾಳಿ ಎಂದರೆ ಸಮಯ ಬಂದಾಗ ಒಡೆಯನಿಗಾಗಿ ಪ್ರಾಣವನ್ನು ಕೊಡುವೆನೆಂಬ ನಿಯಮ. ಬೂತುಗನು ಕೃಷ್ಣನ ಜೋಳವನ್ನೂ, ಮಣಲೇರನು ಬೂತುಗನ ಜೋಳವನ್ನೂ ಉಂಡವರು. ಕಾಳಿಯು ಮಣಲೇರನ ಕೈಯಿಂದ ಉಂಡಿತು. ಮಾನ್ಯಖೇಟದಿಂದ ಹೊರಟ ಆ ಋಣದ ಸರಪಳಿಯ ಕೊನೆಯ ಕೊಂಡಿ ಬೆಳತೂರಿನ ಬೆಟ್ಟದಲ್ಲಿ ಹಂದಿಯ ಕೋರೆಗೆ ಸಿಕ್ಕಿ ಹರಿಯಿತು. ಮಣಲೇರನು ಆ ನಾಯಿಯಲ್ಲಿ ತನ್ನನ್ನೇ ಕಂಡಿದ್ದಿರಬೇಕು. ತಾನು ತಕ್ಕೋಲದಲ್ಲಿ ಬಿದ್ದಿದ್ದರೆ ತನಗೆ ಏನು ಸಲ್ಲುತ್ತಿದ್ದಿತೋ ಅದನ್ನೇ ಅದಕ್ಕೆ ಸಲ್ಲಿಸಿದನು.

ಸೇಡಮಿನ ಸುತ್ತಣ ಸೀಮೆಯವರಿಗೆ ಜೋಳವೆಂಬ ಮಾತು ಕೇವಲ ಅಲಂಕಾರವಲ್ಲ. ಇಲ್ಲಿಯ ಕಪ್ಪುನೆಲದಲ್ಲಿ ತೊಗರಿಯೂ ಜೋಳವೂ ಬೆಳೆಯುವುವು; ಮನೆಯವರು ಉಂಡ ಮೇಲೆ ಉಳಿದ ರೊಟ್ಟಿಯ ತುಂಡು ಬಾಗಿಲ ನಾಯಿಗೆ. ತೋಳದ ವಂಶದಲ್ಲಿ ಹುಟ್ಟಿದ ಮಾಂಸಾಹಾರಿಯು ರೊಟ್ಟಿಯನ್ನು ತಿಂದು ಬದುಕುವುದು ಹೇಗೆಂದು ನಾವು ಯೋಚಿಸುವುದೇ ಇಲ್ಲ. ೨೦೧೩ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋಳಗಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಕಾಳಿನ ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ದ್ರವ್ಯಕ್ಕೆ ಕಾರಣವಾದ ವಂಶವಾಹಿಯು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಪ್ರತಿಗಳಿದ್ದುವು. ಮನುಷ್ಯನು ಬೇಸಾಯಗಾರನಾದ ಮೇಲೆ ಅವನ ಕಣಜದ ಬಳಿಯಲ್ಲಿ ಬಾಳಿದ ನಾಯಿಗಳಲ್ಲಿ, ಕಾಳನ್ನು ಅರಗಿಸಿಕೊಳ್ಳಬಲ್ಲವುಗಳ ಸಂತತಿಯೇ ಉಳಿಯಿತೆಂಬುದು ಅವರ ವಾದ. ನಮ್ಮ ಪೂರ್ವಕವಿಗಳು ಜೋಳವಾಳಿಯೆಂದುದು ನಾಯಿಯ ವಿಷಯದಲ್ಲಿ ಅದರ ಹೊಟ್ಟೆಯಲ್ಲಿಯೇ ಬರೆದಿದೆ.

ಆದರೂ ಈ ಸ್ನೇಹವು ಬೇಸಾಯಕ್ಕಿಂತಲೂ ಹಳೆಯದು. ೧೯೧೪ರಲ್ಲಿ ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ, ನಮ್ಮ ಶಹಾಬಾದಿನ ಗಣಿಗಳಂತೆಯೇ ಒಂದು ಕಲ್ಲುಗಣಿಯಲ್ಲಿ ಕೆಲಸಮಾಡುತ್ತಿದ್ದವರಿಗೆ ಒಂದು ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಅವರೊಡನೆ ಒಂದು ನಾಯಿ. ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು. ಆಗ ಬೇಸಾಯವೇ ಇರಲಿಲ್ಲ. ೨೦೧೮ರಲ್ಲಿ ಆ ನಾಯಿಯ ಹಲ್ಲುಗಳನ್ನು ಮರಳಿ ಪರೀಕ್ಷಿಸಿದವರು ಒಂದು ಆಶ್ಚರ್ಯವನ್ನು ಕಂಡರು. ಅದು ಇನ್ನೂ ಮರಿ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಘೋರರೋಗದ ಗುರುತು ಹಲ್ಲಿನಲ್ಲಿ ಉಳಿದಿತ್ತು. ಆ ರೋಗ ತಗುಲಿದ ಮರಿಯು ನೀರು, ಆಹಾರ, ಬೆಚ್ಚನೆಯ ಆರೈಕೆ ಇವಿಲ್ಲದೆ ಅಷ್ಟು ವಾರಗಳ ಕಾಲ ಬದುಕುವುದು ಸಾಧ್ಯವಿರಲಿಲ್ಲ. ಬೇಟೆಗೆ ಬಾರದ, ಕಾವಲಿಗೆ ಬಾರದ ಒಂದು ರೋಗಿಷ್ಠ ಕುನ್ನಿಯನ್ನು ಯಾರೋ ರಾತ್ರಿಯೆಲ್ಲ ಎದ್ದು ನೋಡಿಕೊಂಡಿದ್ದರು. ಉಪಯೋಗಕ್ಕಾಗಿ ಮಾತ್ರವೇ ಮನುಷ್ಯನು ನಾಯಿಯನ್ನು ಸಾಕಿದನೆಂಬ ಮಾತಿಗೆ ಈ ಒಂದು ಗೋರಿ ಸಾಕಾದಷ್ಟು ಉತ್ತರ.

ಇನ್ನು ಒಡೆಯ ಸೇವಕರೆಂಬ ಭಾವನೆಯನ್ನು ವಿಚಾರಿಸೋಣ. ಮಣಲೇರನು ನಾಯಿಯನ್ನು ಸ್ವಾಮಿಭಕ್ತ ಸೇವಕನೆಂದು ತಿಳಿದನು. ನಾವೂ ಇಂದಿಗೂ ಹಾಗೆಯೇ ತಿಳಿಯುತ್ತೇವೆ. ವಿಜ್ಞಾನವೂ ಬಹುಕಾಲ ಈ ಭಾವನೆಯನ್ನು ಪೋಷಿಸಿತು. ೧೯೪೭ರಲ್ಲಿ ರೂಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಬಾಸೆಲ್ ನಗರದ ಮೃಗಾಲಯದ ತೋಳಗಳನ್ನು ನೋಡಿ, ತೋಳದ ಹಿಂಡಿನಲ್ಲಿ ಸದಾ ಯಜಮಾನಿಕೆಗಾಗಿ ಕಲಹವೆಂದು ಬರೆದನು. ಅದರಿಂದ ನಾಯಿಯನ್ನು ಸಾಕುವವನು ಹಿಂಡಿನ ಯಜಮಾನನಂತೆ ಗದರಿಸಿ ಅಡಗಿಸಬೇಕೆಂಬ ಉಪದೇಶ ಹುಟ್ಟಿತು. ಆ ತೋಳಗಳಾದರೋ ಬೇಲಿಯೊಳಗೆ ಕೂಡಿಹಾಕಿದ, ತಾವಾಗಿ ಕೂಡಿ ಬಾಳದ ಪ್ರಾಣಿಗಳು. ಡೇವಿಡ್ ಮೆಕ್ ಎಂಬ ಅಮೆರಿಕದ ಶಾಸ್ತ್ರಜ್ಞನು ತನ್ನ ೧೯೭೦ರ ಗ್ರಂಥದಲ್ಲಿ ಹಳೆಯ ಮತವನ್ನೇ ಹೇಳಿದ್ದವನು, ಕಾಡುತೋಳಗಳನ್ನು ಅನೇಕ ವರ್ಷ ಹತ್ತಿರದಿಂದ ನೋಡಿ, ೧೯೯೯ರಲ್ಲಿ ಅದನ್ನು ತಾನೇ ತಿದ್ದಿಕೊಂಡನು. ಹಿಂಡೆಂಬುದು ತಾಯಿ ತಂದೆ ಮರಿಗಳ ಒಂದು ಸಂಸಾರ. ಮುಂದಾಳುಗಳೆಂದರೆ ಹೆತ್ತವರು, ಅಷ್ಟೆ. ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ವಿದ್ವಾಂಸರಲ್ಲಿ ಅಪೂರ್ವವಾದುದರಿಂದ ಇದನ್ನು ವಿಶೇಷವಾಗಿ ಹೇಳಿದೆನು.

ಹಾಗಾದರೆ ಕಾಳಿಯು ಹಂದಿಯ ಮೇಲೆ ಬಿದ್ದದ್ದು ಭಕ್ತಿಯಿಂದಲ್ಲವೆ? ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ತೋಳವು ಬೇಟೆಯಲ್ಲಿ ಮೊದಲು ಕಣ್ಣಿಡುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಮನುಷ್ಯನು ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದ ನಾಯಿಯ ತಳಿಗಳಲ್ಲಿ ಈ ಸರಣಿ ಒಂದೊಂದು ಕಡೆ ತುಂಡಾಗಿದೆ. ಕುರಿಗಳನ್ನು ಒಟ್ಟುಗೂಡಿಸುವ ನಾಯಿ ಹೊಂಚಿ ಅಟ್ಟುವುದೇ ಹೊರತು ಕೊಲ್ಲುವುದಿಲ್ಲ. ಹಕ್ಕಿಯನ್ನು ತರುವ ನಾಯಿ ಹಿಡಿಯುವುದೇ ಹೊರತು ಸಿಗಿಯುವುದಿಲ್ಲ. ಹಂದಿಬೇಟೆಯ ನಾಯಿಗೆ ಅಟ್ಟುವುದೂ ಕಚ್ಚಿ ಹಿಡಿಯುವುದೂ ರಕ್ತಗತ. ಇದು ಒಂದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಬುಡಾಪೆಸ್ಟಿನಲ್ಲಿ ಆಡಮ್ ಮಿಕ್ಲೋಶಿ ಮತ್ತು ಅವರ ಸಂಗಡಿಗರು, ಮನೆಯಲ್ಲಿಯೇ ಸಾಕಿದ ತೋಳಗಳಿಗೂ ನಾಯಿಗಳಿಗೂ, ತೆಗೆಯಲಾಗದಂತೆ ಬಿಗಿದ ಆಹಾರವನ್ನು ಕೊಟ್ಟು ನೋಡಿದರು. ತೋಳವು ಕೊನೆಯವರೆಗೂ ತಾನೇ ಎಳೆದಾಡಿತು. ನಾಯಿಯು ಸ್ವಲ್ಪ ಹೊತ್ತು ಎಳೆದು, ಅನಂತರ ಹಿಂದಿರುಗಿ ಮನುಷ್ಯನ ಮುಖವನ್ನು ನೋಡಿತು. ೨೦೧೫ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾನಿಲಯದ ನಾಗಸಾವಾ ಮತ್ತು ಕಿಕುಸುಯಿ ಎಂಬವರು ಪ್ರಕಟಿಸಿದ ಪರೀಕ್ಷೆಯಂತೆ, ನಾಯಿಯೂ ಅದನ್ನು ಸಾಕಿದವರೂ ಬಹಳ ಹೊತ್ತು ಒಬ್ಬರನ್ನೊಬ್ಬರು ದಿಟ್ಟಿಸಿದರೆ ಇಬ್ಬರ ಮೈಯಲ್ಲಿಯೂ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುತ್ತದೆ. ತಾಯಿಗೂ ಹಸುಳೆಗೂ ನಡುವಣ ವಾತ್ಸಲ್ಯದಲ್ಲಿ ಕೆಲಸಮಾಡುವ ರಸವೇ ಅದು. ಮನುಷ್ಯನು ಸಾಕಿದ ತೋಳಗಳಲ್ಲಿ ಈ ಪರಿಣಾಮ ಕಾಣಲಿಲ್ಲ.

ಕೃಷ್ಣನ ಕಾಲದ ಕಣ್ಣಿಗೆ ಸೇವಕನೂ ಸ್ವಾಮಿಯೂ ಆಗಿ ಕಂಡದ್ದು ಈ ಪರೀಕ್ಷೆಗಳ ಕಣ್ಣಿಗೆ ಮಗುವೂ ಹೆತ್ತವರೂ ಆಗಿ ಕಾಣುತ್ತದೆ. ಹಂದಿಯ ಮೇಲೆ ಹಾರುವ ಮುಂಚೆ ಕಾಳಿಯು ಒಮ್ಮೆ ಹಿಂದಿರುಗಿ ಮಣಲೇರನ ಮುಖವನ್ನು ನೋಡಿತೋ ಏನೋ. ನೋಡಿತೆಂದೇ ನಾನು ನಂಬುತ್ತೇನೆ. ಹಾಗಿದ್ದರೆ ಅದು ಅಪ್ಪಣೆಯನ್ನು ಮಾತ್ರ ಕೇಳಲಿಲ್ಲ, ಆಸರೆಯನ್ನೂ ಕೇಳಿತು. ಅಪ್ಪಣೆಯನ್ನು ಕೊಟ್ಟವನಿಗೆ ಆಮೇಲೆ ಕಲ್ಲನ್ನು ನಿಲ್ಲಿಸದೆ ಇರುವುದು ಸಾಧ್ಯವಾಗಲಿಲ್ಲ.

ಅದೇ ಕಾಲದಲ್ಲಿ, ಅದೇ ಸಾಮ್ರಾಜ್ಯದಲ್ಲಿ, ನಾಯಿಯ ವಿಷಯವಾಗಿ ಬೇರೊಂದು ದೃಷ್ಟಿಯೂ ಇದ್ದಿತು. ಕೃಷ್ಣನ ಕಾಲದಲ್ಲಿ, ೯೫೯ರಲ್ಲಿ, ಸೋಮದೇವಸೂರಿಯು ಸಂಸ್ಕೃತದಲ್ಲಿ ಯಶಸ್ತಿಲಕವನ್ನು ಮುಗಿಸಿದನು. ಮಾನ್ಯಖೇಟದಲ್ಲಿಯೇ ಇದ್ದ ಪುಷ್ಪದಂತನು ಅದೇ ಕಥೆಯನ್ನು ಅಪಭ್ರಂಶದಲ್ಲಿ ಬರೆದನು. ಕನ್ನಡದಲ್ಲಿ ಅದನ್ನು ಜನ್ನನು ೧೨೦೯ರಲ್ಲಿ ಹೇಳಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನು ನವಿಲಾಗಿಯೂ ಅವನ ತಾಯಿಯು ನಾಯಿಯಾಗಿಯೂ ಹುಟ್ಟುವರು. ನಾಯಿಯು ನವಿಲನ್ನು ಕೊಲ್ಲುತ್ತದೆ. ನಾಯಿಯನ್ನು ಯಶೋಧರನ ಮಗನೇ ಹೊಡೆದು ಕೊಲ್ಲುತ್ತಾನೆ. ತಾನು ಕೊಂದುದು ತನ್ನ ಅಜ್ಜಿಯನ್ನೆಂದು ಅವನಿಗೆ ತಿಳಿಯದು. ಜೈನಕವಿಗಳಿಗೆ ನಾಯಿಯ ಜನ್ಮವು ಪಾಪದ ಫಲ. ಆದರೆ ಅದೇ ಕಾರಣದಿಂದ, ಬಾಗಿಲಲ್ಲಿ ಮಲಗಿದ ನಾಯಿ ನಿನ್ನ ಬಂಧುವಿರಬಹುದೆಂಬ ಎಚ್ಚರಿಕೆಯೂ ಅಲ್ಲಿದೆ. ಬೇಟೆಯನ್ನು ಮೆಚ್ಚಿದ ಕಲ್ಲೂ ಬೇಟೆಯನ್ನು ಹಳಿದ ಕಾವ್ಯವೂ ಬೇರೆ ಬೇರೆ ದಾರಿಯಲ್ಲಿ ಬಂದು ನಾಯಿಗೂ ಪಾಪಪುಣ್ಯದ ಲೆಕ್ಕವುಂಟೆಂಬಲ್ಲಿ ಕೂಡುವುದನ್ನು ನೋಡಿದರೆ ಬೆರಗಾಗುತ್ತದೆ.

೯೭೨ರಲ್ಲಿ ಮಾಳವದ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಸಾಮ್ರಾಜ್ಯವು ಚಾಳುಕ್ಯರ ಕೈಸೇರಿ ರಾಜಧಾನಿಯು ಕಲ್ಯಾಣಕ್ಕೆ ಹೋಯಿತು. ಅಲ್ಲಿ ಮುಮ್ಮಡಿ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಕುದುರೆ ಕೋಳಿಗಳ ವಿನೋದಗಳೊಡನೆ ಸಾರಮೇಯವಿನೋದವೆಂಬ ಪ್ರಕರಣವೂ ಉಂಟು; ಸಾರಮೇಯವೆಂದರೆ ನಾಯಿ. ಅಲ್ಲಿ ಕಾಣುವುದು ಕೇವಲ ಬೇಟೆಗಾರನ ಕಣ್ಣು. ಅದೇ ಕಲ್ಯಾಣದ ಶರಣರ ಬಾಯಲ್ಲಿ ಸೊಣಗ, ಕುನ್ನಿ ಎಂಬ ಮಾತುಗಳು ಬೈಗುಳವೂ ಹೌದು, ವಿನಯದ ಮಾತೂ ಹೌದು.

ಗೊರವರ ವಿಷಯವಾಗಿ ಒಂದು ಮಾತನ್ನು ಹೇಳದೆ ಬಿಡಲಾರೆ. ಆತಕೂರಿನಲ್ಲಿ ನಾಯಿಯ ಕಲ್ಲನ್ನು ಪೂಜಿಸಬೇಕಾಗಿದ್ದವನು ಗೊರವ, ಎಂದರೆ ಶಿವಪೂಜೆಯವನು. ಇಂದು ಗೊರವರೆಂದರೆ ಮೈಲಾರಲಿಂಗನ ಒಕ್ಕಲು. ಕರಿಯ ಕಂಬಳಿಯನ್ನು ಹೊದ್ದು, ಡಮರುಗವನ್ನು ಹಿಡಿದು, ಭಂಡಾರದ ಚೀಲವನ್ನು ತೂಗಿಕೊಂಡು ಬರುವವರು. ಜಾತ್ರೆಯಲ್ಲಿ ಅವರು ತಾವು ದೇವರ ನಾಯಿಗಳೆಂದು ಬೊಗಳುವರು. ದೋಣಿಯೆಂಬ ಮರದ ಪಾತ್ರೆಯಲ್ಲಿ ಹಾಕಿದ ಹಾಲನ್ನು ಮೊಣಕಾಲೂರಿ ಬಾಯಿಂದಲೇ ಕುಡಿಯುವರು. ಬೀದರಿನ ಖಾನಾಪುರದ ಮೈಲಾರ, ಯಾದಗಿರಿಯ ಬಳಿಯ ಮೈಲಾಪುರ ಇವೆರಡೂ ನಮ್ಮ ಸೀಮೆಯವರು ನಡೆದುಕೊಳ್ಳುವ ಸ್ಥಳಗಳೇ. ಆತಕೂರಿನ ಗೊರವನಿಗೂ ಇವರಿಗೂ ನೇರವಾದ ಸಂಬಂಧವನ್ನು ಕಟ್ಟಿಬಿಡುವ ಆತುರ ನನಗಿಲ್ಲ. ಹೆಸರು ಒಂದೇ, ನಾಯಿಯೂ ಎರಡು ಕಡೆಯೂ ಇದೆ. ಅಷ್ಟನ್ನು ಹೇಳಿ ನಿಲ್ಲಿಸುವೆನು.

ಇಷ್ಟನ್ನು ಕೇಳಿದ ಮೇಲೆ ಪಟ್ಟಣದ ಶ್ರೋತೃಗಳು ನನ್ನನ್ನು ಒಂದು ಪ್ರಶ್ನೆ ಕೇಳುವುದು ನ್ಯಾಯವಾಗಿದೆ. ರಾಜರ ಬೇಟೆನಾಯಿಯ ಮಾತು ಚೆನ್ನಾಗಿದೆ. ನಮ್ಮ ಬೀದಿಯ ನಾಯಿಯ ಗತಿಯೇನು? ತಳಿಯ ನಾಯಿಗೆ ಮರ್ಯಾದೆಯುಂಟು. ನಮ್ಮ ಮುಧೋಳದ ನಾಯಿಯ ಚಿತ್ರ ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು. ಬೀದಿನಾಯಿಯೆಂದರೆ ಕಲ್ಲು, ಆತಕೂರಿನ ಕಲ್ಲಲ್ಲ, ಎಸೆಯುವ ಕಲ್ಲು. ಅದಕ್ಕೆ ಕಾರಣವೂ ಇಲ್ಲದಿಲ್ಲ. ಹುಚ್ಚುನಾಯಿಯ ಕಡಿತದಿಂದ ಬರುವ ರೋಗವು ಲಕ್ಷಣಗಳು ತೋರಿದ ಮೇಲೆ ಬಹುಮಟ್ಟಿಗೆ ಮರಣವೇ. ಪಾಶ್ಚರನು ೧೮೮೫ರಲ್ಲಿ ಚುಚ್ಚುಮದ್ದನ್ನು ಕೊಟ್ಟು ತೋರಿಸಿದ್ದರೂ ಇಂದಿಗೂ ನಮ್ಮ ದೇಶದಲ್ಲಿ ಮಕ್ಕಳು ಅದರಿಂದ ಸಾಯುವುದು ನಿಂತಿಲ್ಲ. ೨೦೨೫ರ ಆಗಸ್ಟಿನಲ್ಲಿ ದೇಶದ ಶ್ರೇಷ್ಠ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಡಬೇಕೆಂದು ಮೊದಲು ಹೇಳಿ, ಹನ್ನೊಂದು ದಿನಗಳಲ್ಲಿಯೇ ಅದನ್ನು ಬದಲಿಸಿ, ಸಂತಾನಹರಣ ಮಾಡಿಸಿ ಚುಚ್ಚುಮದ್ದು ಹಾಕಿ, ರೋಗವುಳ್ಳವನ್ನೂ ಮೇಲೆ ಬೀಳುವಂಥವನ್ನೂ ಬಿಟ್ಟು ಉಳಿದವನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕೆಂದು ಆಜ್ಞಾಪಿಸಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಮುಂದೆ ನಿಂತು ಜೋಳವಾಳಿಯ ಮಾತನ್ನು ಆಡುವ ಧೈರ್ಯ ನನಗಿಲ್ಲ. ಆದರೆ ಮದ್ದನ್ನು ಹಾಕಿಸದೆ, ಊರ ಕಸವನ್ನು ಬೀದಿಯಲ್ಲಿ ಸುರಿದು, ಅದನ್ನು ತಿಂದು ಹೆಚ್ಚಿದ ನಾಯಿಯ ಪಾಪವನ್ನೆಲ್ಲ ನಾಯಿಯ ಹೆಸರಿಗೇ ಬರೆಯುವುದು ಆತಕೂರಿನ ಕಲ್ಲಿನ ಲೆಕ್ಕಕ್ಕೆ ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ಕರ್ತವ್ಯವನ್ನು ಬಿಟ್ಟು ಉಂಡವನ ತಲೆಗೆ ನಾಯಿಯ ಪಾಪ ಬರುತ್ತದೆ.

ಬೀದಿನಾಯಿಗೆ ಮನುಷ್ಯನ ಮನಸ್ಸು ತಿಳಿಯದೆಂದು ಭಾವಿಸಿರುವವರಿಗಾಗಿ ಕೊಲ್ಕತ್ತೆಯ ಒಂದು ಪರೀಕ್ಷೆಯನ್ನು ಹೇಳುವೆನು. ಅಲ್ಲಿಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ಶಿಷ್ಯರು ಪ್ರಯೋಗಶಾಲೆಯನ್ನು ಬಿಟ್ಟು ಬೀದಿಗೇ ಇಳಿದರು. ಎರಡು ಮುಚ್ಚಿದ ಬೋಗುಣಿಗಳನ್ನಿಟ್ಟು, ಅಪರಿಚಿತನೊಬ್ಬನು ಒಂದರ ಕಡೆಗೆ ಬೆರಳು ತೋರುವನು. ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಹೆದರಿ ಹತ್ತಿರಕ್ಕೆ ಬರಲಿಲ್ಲ. ಬಂದವುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬೆರಳಿನ ಗುರಿಯನ್ನು ಹಿಡಿದು ನಡೆದುವು. ಯಾರೂ ಅವಕ್ಕೆ ಕಲಿಸಿದ್ದಿಲ್ಲ. ಅಪರಿಚಿತರು ಮೇಲಿಂದ ಮೇಲೆ ಬಂದು ಕೆಲವಕ್ಕೆ ತಿಂಡಿಯನ್ನೂ ಕೆಲವಕ್ಕೆ ತಲೆ ನೇವರಿಸುವುದನ್ನೂ ಕೊಟ್ಟಾಗ, ಹೆಚ್ಚು ಬೇಗ ನಂಬಿ ಬಂದವು ನೇವರಿಸಿಕೊಂಡ ನಾಯಿಗಳೆಂದೂ ಅವರು ೨೦೧೭ರಲ್ಲಿ ತೋರಿಸಿರುವರು.

ಇದನ್ನು ಓದಿದ ಮೇಲೆ ನಾನೊಮ್ಮೆ ಮಳಖೇಡ ರೋಡಿನಲ್ಲಿ ರೈಲಿಗಾಗಿ ಕಾಯುತ್ತಿದ್ದಾಗ, ಬುತ್ತಿಯ ಜೋಳದ ರೊಟ್ಟಿಯಲ್ಲಿ ಒಂದು ತುಂಡನ್ನು ಮುರಿದು ಬೆಂಚಿನ ಆಚೆಯ ಕಾಲಿನ ಹಿಂದೆ, ಅಲ್ಲಿದ್ದ ನಾಯಿಗೆ ಕಾಣದಂತೆ ಇಟ್ಟೆನು. ಕಂದುಬಣ್ಣದ ನಾಯಿ, ಒಂದು ಕಿವಿ ಹರಿದಿತ್ತು. ಬೆರಳು ತೋರಿದೆನು. ಅದು ಮೊದಲು ನನ್ನ ಕೈಯಲ್ಲಿ ಕಲ್ಲುಂಟೋ ಇಲ್ಲವೋ ಎಂದು ನೋಡಿತು. ಆಮೇಲೆ ಮುಖವನ್ನು ನೋಡಿತು. ಆಮೇಲೆ ಬೆಂಚಿನ ಹಿಂದಕ್ಕೆ ಹೋಯಿತು.